ಜೆಂಡರ್ ಡಿಕೋಡರ್: ತೀರ್ಪು ಬಿಡಿ, ಪದಗಳ ಪಟ್ಟಿ ನೋಡಿ

ಇಂಗ್ಲಿಷಿನ ಉದ್ಯೋಗ ಜಾಹೀರಾತಿನಲ್ಲಿ ಯಾವ ಪದ ಗಂಡಿನ ಕಡೆ ವಾಲಿದೆ, ಯಾವುದು ಹೆಣ್ಣಿನ ಕಡೆ ವಾಲಿದೆ ಎಂದು ತೋರಿಸುವ ಉಚಿತ ಜಾಲತಾಣ ಇದು. ರೂಪಿಸಿದವರು ಕ್ಯಾಟ್ ಮ್ಯಾಟ್‌ಫೀಲ್ಡ್. ಜಾಹೀರಾತನ್ನು ಅಂಟಿಸಿ ಗುಂಡಿ ಒತ್ತಿದರೆ ಎರಡು ಪಟ್ಟಿ, ಒಟ್ಟಾರೆ ಯಾವ ಕಡೆ ವಾಲಿದೆ ಎಂಬ ಒಂದು ತೀರ್ಪು ಸಿಗುತ್ತದೆ.

ಇದಕ್ಕೆ ಆಧಾರ 2011ರಲ್ಲಿ ಪ್ರಕಟವಾದ ಒಂದು ಮನಶ್ಶಾಸ್ತ್ರ ಅಧ್ಯಯನ. ಗಂಡಸರೇ ಹೆಚ್ಚಿರುವ ವೃತ್ತಿಗಳ ಜಾಹೀರಾತಿನಲ್ಲಿ 'ಲೀಡರ್', 'ಕಾಂಪಿಟಿಟಿವ್', 'ಡಾಮಿನೆಂಟ್' ಬಗೆಯ ಪದಗಳು ಹೆಚ್ಚೆಂದೂ, ಅಂಥ ಬರವಣಿಗೆ ಓದಿದ ಹೆಣ್ಣುಮಕ್ಕಳಿಗೆ ಆ ಕೆಲಸ ಅಷ್ಟಾಗಿ ಹಿಡಿಸುವುದಿಲ್ಲವೆಂದೂ ಅದು ಕಂಡುಕೊಂಡಿತು. ತಮ್ಮ ಸಾಮರ್ಥ್ಯದ ಬಗ್ಗೆ ಅವರಿಗೆ ಅನುಮಾನವಿರಲಿಲ್ಲ. ಅಲ್ಲಿ ತಮಗೆ ಜಾಗವಿಲ್ಲ ಅನ್ನಿಸುತ್ತಿತ್ತು. ಅರ್ಜಿಯನ್ನೇ ಹಾಕದೆ ಹೋದವರನ್ನು ಎಷ್ಟು ನ್ಯಾಯವಾದ ಸಂದರ್ಶನವೂ ವಾಪಸ್ ಕರೆತರದು. ಅದಕ್ಕೇ ಇಂಥ ಸಲಕರಣೆ ಬೇಕು.

ಆದರೆ ಇದು ಕೆಲಸ ಮಾಡುವ ರೀತಿ ಗೊತ್ತಿಲ್ಲದಿದ್ದರೆ ದಾರಿ ತಪ್ಪುತ್ತೀರಿ. ಇದು ಅರ್ಥ ನೋಡುವುದಿಲ್ಲ, ಪದದ ಆರಂಭದ ಅಕ್ಷರಗಳನ್ನು ತನ್ನ ಪಟ್ಟಿಯೊಂದಿಗೆ ತಾಳೆ ನೋಡಿ ಎಣಿಸುತ್ತದೆ. ಎರಡು ಕಡೆಯ ಎಣಿಕೆಯ ವ್ಯತ್ಯಾಸವೇ ತೀರ್ಪು. 'ಡೇಟಾ ಅನಲಿಸ್ಟ್' ಎಂಬ ಹುದ್ದೆಯ ಹೆಸರು ನಾಲ್ಕು ಸಲ ಬಂದರೆ ಗಂಡಿನ ಕಡೆ ನಾಲ್ಕು ಅಂಕ. 'ರೆಸ್ಪಾನ್ಸಿಬಿಲಿಟೀಸ್' ಎಂಬ ಶೀರ್ಷಿಕೆ ಹೆಣ್ಣಿನ ಕಡೆಗೆ. ಖರೀದಿ ವಿಭಾಗದ 'ಟೆಂಡರ್' ಕೂಡ ಹೆಣ್ಣಿನ ಕಡೆಗೇ, ಏಕೆಂದರೆ ಮೃದು ಎಂಬ ಅರ್ಥದ 'ಟೆಂಡರ್' ಆ ಪಟ್ಟಿಯಲ್ಲಿದೆ!

ಇದಕ್ಕಿಂತ ದೊಡ್ಡ ತೊಂದರೆ ಜಾಹೀರಾತಿನ ಕೊನೆಗೆ ಕಂಪನಿಗಳು ಸೇರಿಸುವ, ಎಲ್ಲರಿಗೂ ಸಮಾನ ಅವಕಾಶ ಎಂಬ ಹೇಳಿಕೆಯದು. ಅದರಲ್ಲಿನ 'ಕಮಿಟೆಡ್', 'ಇನ್‌ಕ್ಲೂಸಿವ್', 'ಸಪೋರ್ಟ್' ಮೂರೂ ಹೆಣ್ಣಿನ ಪಟ್ಟಿಯವು. ಮೇಲಿನ ಪಠ್ಯದಲ್ಲಿ ಒಂದಕ್ಷರ ಬದಲಾಗದಿದ್ದರೂ ತೀರ್ಪು ಸುಧಾರಿಸಿಬಿಡುತ್ತದೆ. ಕಂಪನಿ ಪರಿಚಯ, ಈ ಹೇಳಿಕೆ, ಶೀರ್ಷಿಕೆಗಳು, ಹುದ್ದೆಯ ಹೆಸರು ಎಲ್ಲವನ್ನೂ ತೆಗೆದು, ಕೆಲಸದ ವಿವರ ಮತ್ತು ಅರ್ಹತೆಯನ್ನಷ್ಟೇ ಅಂಟಿಸಿ. ಬಂದ ಪಟ್ಟಿಯ ಒಂದೊಂದು ಪದಕ್ಕೂ ಕೇಳಬೇಕಾದ್ದು ಒಂದೇ: ಇದರ ಬದಲು ನಿಜವಾಗಿ ಮಾಡುವ ಕೆಲಸವನ್ನೇ ಬರೆಯಬಹುದೇ? 'ಅಗ್ರೆಸಿವ್ ಟಾರ್ಗೆಟ್' ಅನ್ನುವ ಬದಲು ತಿಂಗಳ ಗುರಿ ಎಷ್ಟೆಂದು ಅಂಕಿಯಲ್ಲಿ ಹೇಳಿ. 'ಕಾಂಪಿಟಿಟಿವ್ ಸ್ಯಾಲರಿ' ಇದ್ದಲ್ಲಿ ಸಂಬಳದ ಮೊತ್ತ ಬರೆಯಿರಿ. ಸರಿದೂಗಿಸಲೆಂದು 'ಕೊಲಾಬರೇಟಿವ್' ತುರುಕಬೇಡಿ. ಎಣಿಕೆ ಸಮವಾದೀತು, ಓದುವವರಿಗೆ 'ಡಾಮಿನೆಂಟ್' ಹಾಗೇ ಕಾಣುತ್ತಿರುತ್ತದೆ.

ಹಿಡಿಯಲೇಬೇಕಾದ ಕೆಲವನ್ನು ಇದು ಬಿಟ್ಟೇಬಿಡುತ್ತದೆ. 'ಸೇಲ್ಸ್‌ಮ್ಯಾನ್', 'ಹೀ', 'ನಿಂಜಾ', 'ರಾಕ್‌ಸ್ಟಾರ್' ಪಟ್ಟಿಯಲ್ಲಿಲ್ಲ. ಅನಗತ್ಯ ಅರ್ಹತೆಗಳ ಉದ್ದ ಸಾಲು, ಪಾಳಿಯ ವೇಳೆ, ಪೋಷಕರ ರಜೆ ಇದರ ಲೆಕ್ಕಕ್ಕೆ ಬರುವುದಿಲ್ಲ. ಗಂಡು, ಹೆಣ್ಣು ಎಂಬ ಎರಡೇ ಗುಂಪು ಇರುವುದರಿಂದ ಬೇರೆ ಲಿಂಗತ್ವದವರ ಬಗ್ಗೆ ಏನೂ ಹೇಳಲಾರದು. ಇವನ್ನೆಲ್ಲ ಇಬ್ಬರು ಮನುಷ್ಯರು ಕೂತು ಓದಿಯೇ ಹಿಡಿಯಬೇಕು.

ಕನ್ನಡ ಜಾಹೀರಾತಿಗೆ ಇದು ನಿರುಪಯೋಗಿ. ನಮ್ಮಲ್ಲಿ ವಾಲುವಿಕೆ ಇರುವುದು ಪ್ರತ್ಯಯದಲ್ಲಿ. 'ಅನುಭವವುಳ್ಳವನು' ಇದ್ದಲ್ಲಿ 'ಅನುಭವವುಳ್ಳವರು', 'ಮಾರಾಟಗಾರ' ಇದ್ದಲ್ಲಿ 'ಮಾರಾಟ ಸಿಬ್ಬಂದಿ', 'ಮೇಲ್ವಿಚಾರಕ' ಇದ್ದಲ್ಲಿ 'ಮೇಲ್ವಿಚಾರಣೆಯ ಹುದ್ದೆ' ಎಂದು ಕೈಯಾರೆ ತಿದ್ದಿಕೊಳ್ಳಿ.