ಫೈರ್‌ವಾಲ್ ಸೀಲೆಂಟ್: ವರ್ಷಗಟ್ಟಲೆ ಬಳಸಿದ ಮೇಲೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ನಾನೇ ಕಟ್ಟಿದ ವಿಮಾನದ ಫೈರ್‌ವಾಲ್‌ಗೆ, ಅಂದರೆ ಎಂಜಿನ್ನಿಗೂ ಕಾಕ್‌ಪಿಟ್‌ಗೂ ನಡುವಿನ ತಗಡಿನ ಗೋಡೆಗೆ, ಹಚ್ಚಿರುವುದು ತ್ರೀ ಎಂ ಕಂಪನಿಯ ಫೈರ್ ಬ್ಯಾರಿಯರ್ 2000 ಪ್ಲಸ್. ಬೂದು ಬಣ್ಣದ, ಒಂದೇ ಟ್ಯೂಬಿನಲ್ಲಿ ಬರುವ ಸಿಲಿಕಾನ್ ಸೀಲೆಂಟ್. ಹಲವು ವರ್ಷ ಹಾರಿಸಿದ್ದೇನೆ, ಪ್ರತಿ ವಾರ್ಷಿಕ ತಪಾಸಣೆಯಲ್ಲೂ ಎಂಜಿನ್ ಮುಚ್ಚುವ ಕೌಲಿಂಗ್ ಬಿಚ್ಚಿ ಒಂದೊಂದು ಸಂದನ್ನೂ ನೋಡಿದ್ದೇನೆ. ಮತ್ತೆ ಕಟ್ಟಿದರೂ ಇದನ್ನೇ ಕೊಳ್ಳುತ್ತೇನೆ. ಆದರೆ ಯಾವ ಸೀಲೆಂಟೂ ತೂತು ಮುಚ್ಚುವ ವಸ್ತುವಲ್ಲ. ತೂತನ್ನು ಉಕ್ಕು ಮುಚ್ಚಬೇಕು, ಉಳಿದ ಕೂದಲೆಳೆಯಷ್ಟು ಸಂದನ್ನು ಸೀಲೆಂಟ್ ಮುಚ್ಚಬೇಕು. ಯಾವ ಟ್ಯೂಬ್ ಒಳ್ಳೆಯದು ಅಂತ ಕೇಳುವವರಿಗೆಲ್ಲ ನಾನು ಮೊದಲು ಇದನ್ನೇ ಹೇಳುವುದು.

ಎಂಜಿನ್ ಕಡೆ ಬೆಂಕಿ ಬಿದ್ದರೆ ಇಂಧನ ಬಂದ್ ಮಾಡಿ, ಜಾಗ ಹುಡುಕಿ, ಇಳಿಯುವ ತನಕ ಆ ತೆಳು ತಗಡು ನಮ್ಮ ಕಾಲನ್ನು ಕಾಯಬೇಕು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1990ರಲ್ಲಿ ಹೊರಡಿಸಿದ ಎಸಿ 20-135 ಅನ್ನುವ ಮಾರ್ಗದರ್ಶಿಯಲ್ಲಿ ಪರೀಕ್ಷೆಯ ಜ್ವಾಲೆ 2,000 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 1,093 ಡಿಗ್ರಿ ಸೆಲ್ಸಿಯಸ್. ಅದರ ಮುಂದೆ 15 ನಿಮಿಷ ನಿಂತರೆ ಅದು ಫೈರ್‌ಪ್ರೂಫ್. 5 ನಿಮಿಷ ಮಾತ್ರ ನಿಂತರೆ ಫೈರ್ ರೆಸಿಸ್ಟೆಂಟ್. ಹೋಮ್‌ಬಿಲ್ಟ್ ವಿಮಾನಗಳಿಗೆ ಈ ಪರೀಕ್ಷೆಯ ಕಟ್ಟುಪಾಡು ಸಾಮಾನ್ಯವಾಗಿ ಇರುವುದಿಲ್ಲ. ಬೆಂಕಿಗೆ ಮಾತ್ರ ಅದು ಗೊತ್ತಿಲ್ಲ ಅಲ್ವಾ? ಹಾಗಾಗಿ ಈ ಅಳತೆಯನ್ನೇ ನನ್ನದಾಗಿ ಇಟ್ಟುಕೊಂಡೆ.

ಅಂಗಡಿಯಲ್ಲಿ ಸಿಗುವ ಬಹಳಷ್ಟು ಫೈರ್ ಸೀಲೆಂಟ್‌ಗಳು ಕಟ್ಟಡಗಳಿಗೆ ಮಾಡಿದವು. ಟ್ಯೂಬಿನ ಮೇಲೆ ಎರಡು ಗಂಟೆ, ಮೂರು ಗಂಟೆ ಅಂತ ಬರೆದಿರುತ್ತದೆ. ಅದನ್ನು ಓದಿ, ಹದಿನೈದು ನಿಮಿಷ ಯಾವ ಲೆಕ್ಕ ಅನ್ನಿಸುವುದು ಸಹಜ. ಕಟ್ಟಡದ ಪರೀಕ್ಷೆಯಲ್ಲಿ ಕುಲುಮೆಯ ಬಿಸಿ ನಿಧಾನವಾಗಿ ಏರುತ್ತದೆ. ಎಎಸ್‌ಟಿಎಂ ಇ119 ಅನ್ನುವ ಪಟ್ಟಿಯ ಪ್ರಕಾರ 5 ನಿಮಿಷಕ್ಕೆ 538 ಡಿಗ್ರಿ ಸೆಲ್ಸಿಯಸ್, 10 ನಿಮಿಷಕ್ಕೆ 704, ಒಂದು ಗಂಟೆಗೆ 927. ವಿಮಾನದ ಪರೀಕ್ಷೆ ಶುರುವಾಗುವ 1,093 ಡಿಗ್ರಿಯನ್ನು ಅದು ಮುಟ್ಟುವುದು 4 ಗಂಟೆಯ ಹೊತ್ತಿಗೆ. ಅಲ್ಲಿ ಕಾಂಕ್ರೀಟು ಗೋಡೆಯ ದಪ್ಪ ಇದೆ, ಎಂಜಿನ್ನಿನ ನಡುಕ ಇಲ್ಲ. ಇಲ್ಲಿ ಇರುವುದು 0.38 ಮಿಲಿಮೀಟರ್ ಸ್ಟೇನ್‌ಲೆಸ್ ತಗಡು. ಗಂಟೆಯ ಲೆಕ್ಕ ನೋಡಿ ಟ್ಯೂಬ್ ಆರಿಸಬೇಡಿ.

ನನ್ನ ಮುಂದೆ ಇದ್ದ ಆಯ್ಕೆಗಳು ಕೆಲವೇ. ಆಟೋಮೊಬೈಲ್ ಅಂಗಡಿಯ ಕೆಂಪು ಆರ್‌ಟಿವಿ (ಕೋಣೆಯ ಬಿಸಿಯಲ್ಲೇ ಗಟ್ಟಿಯಾಗುವ) ಸಿಲಿಕಾನ್‌ಗೆ ತಡೆಯುವ ಬಿಸಿ 300 ಡಿಗ್ರಿಯ ಆಸುಪಾಸು. ಗ್ಯಾಸ್ಕೆಟ್‌ಗೆ ಅದು ಸಾಕು, ಜ್ವಾಲೆಗೆ ಸಾಲದು. ಇಂಧನ ಟ್ಯಾಂಕಿಗೆ ಹಚ್ಚುವ ಪಾಲಿಸಲ್ಫೈಡ್ ಸೀಲೆಂಟ್ ರೆಕ್ಕೆ ಕಟ್ಟುವಾಗ ಉಳಿದಿರುತ್ತದೆ, ಕೈಗೆ ಸಿಗುತ್ತದೆ. ಪೆಟ್ರೋಲಿಗೆ ಅದರಷ್ಟು ಗಟ್ಟಿ ಇನ್ನೊಂದು ಸಿಗುವುದು ಕಷ್ಟ. ಆದರೆ ಅದು ಉರಿಯುತ್ತದೆ, ಉರಿಯುವಾಗ ಗಂಧಕದ ಹೊಗೆ ಬಿಡುತ್ತದೆ. ಆ ಹೊಗೆ ಕಾಕ್‌ಪಿಟ್‌ನೊಳಗೆ ಬೇಕಾ?

ಬಿಸಿ ತಾಗಿದರೆ ಉಬ್ಬಿಕೊಳ್ಳುವ ಜಾತಿಯವೂ ಇವೆ. ತ್ರೀ ಎಂನದೇ ಸಿಪಿ 25 ಡಬ್ಲ್ಯುಬಿ ಪ್ಲಸ್ ಆ ಜಾತಿಗೆ ಸೇರಿದ್ದು. ಕೆಂಗಂದು ಬಣ್ಣ, ನೀರಿನಲ್ಲಿ ಕದಡಿದ ಲ್ಯಾಟೆಕ್ಸ್. ಉಬ್ಬಿ ತೂತು ತುಂಬುವ ಗುಣ ಗೋಡೆಯೊಳಗೆ ತುಂಬ ಚೆನ್ನ. ಪ್ಲಾಸ್ಟಿಕ್ ಪೈಪು ಕರಗಿ ಹೋದ ಜಾಗವನ್ನೂ ಅದು ತುಂಬಿಬಿಡುತ್ತದೆ. ಫೈರ್‌ವಾಲ್‌ನಲ್ಲಿ ತೊಂದರೆ ಏನೆಂದರೆ, ನೀರು ಆರಿದ ಮೇಲೆ ಈ ಜಾತಿಯ ಸೀಲೆಂಟ್ ಎಳೆದರೆ ಸಿಲಿಕಾನ್‌ನಷ್ಟು ಹಿಗ್ಗುವುದಿಲ್ಲ, ಆರುವಾಗ ಸ್ವಲ್ಪ ಕುಗ್ಗುತ್ತದೆ. ಗೆಳೆಯರೊಬ್ಬರ ವಿಮಾನದಲ್ಲಿ ಇದೇ ಬಗೆಯ ಇನ್ನೊಂದು ಬ್ರ್ಯಾಂಡ್ ಹಚ್ಚಿದ್ದರು. ಕೆಲವು ಹಂಗಾಮು ಕಳೆಯುವಷ್ಟರಲ್ಲಿ ತಗಡಿನ ಅಂಚಿನ ಉದ್ದಕ್ಕೂ ಸಣ್ಣ ಬಿರುಕು ಬಿಟ್ಟಿತ್ತು. ಹಿಂದಿನಿಂದ ಟಾರ್ಚ್ ಹಿಡಿದರೆ ಬೆಳಕು ಗೆರೆಯಾಗಿ ಕಾಣುತ್ತಿತ್ತು.

ವಿಮಾನಕ್ಕೆಂದೇ ಮಾಡಿದ ಎರಡು ಭಾಗದ ಸೀಲೆಂಟ್‌ಗಳೂ ಇವೆ. ಪಿಆರ್-812, ಸಿಎಸ್ 1900 ಅಂಥವು. ಕಲಸಬೇಕು, ಕಲಸಿದ ಮೇಲೆ ಗಟ್ಟಿಯಾಗುವುದರೊಳಗೆ ಹಚ್ಚಿ ಮುಗಿಸಬೇಕು. ವಿಮಾನಕ್ಕೆ ಯೋಗ್ಯ ಅನ್ನುವ ಕಾಗದಪತ್ರ ಬೇಕಿದ್ದರೆ ಇವೇ ಸರಿ. ಒಬ್ಬನೇ ಕೂತು, ಬಿಡುವಿದ್ದಾಗ ಎರಡು ಸಂದು, ಮುಂದಿನ ವಾರ ನಾಲ್ಕು ಸಂದು ಅಂತ ಹಚ್ಚುವ ನನ್ನಂಥವರಿಗೆ ಗನ್‌ಗೆ ಹಾಕಿ ಒತ್ತುವ ಟ್ಯೂಬ್ ಅನುಕೂಲ.

ಆದರೂ ಟ್ಯೂಬಿನ ಮೇಲಿನ ಬರಹ ನಂಬಿ ಹಚ್ಚಲು ಮನಸ್ಸು ಒಪ್ಪಲಿಲ್ಲ. ಫೈರ್‌ವಾಲ್‌ನ ಅದೇ ತಗಡಿನ ತುಂಡುಗಳನ್ನು ಒಂದರ ಮೇಲೊಂದು ಬರುವಂತೆ ಜೋಡಿಸಿ, ನಡುವೆ ಸಣ್ಣ ಸಂದು ಬಿಟ್ಟು, ಒಂದೊಂದಕ್ಕೂ ಒಂದೊಂದು ಸೀಲೆಂಟ್ ಹಚ್ಚಿದೆ. ಪೂರ್ತಿ ಗಟ್ಟಿಯಾಗಲು ಬಿಟ್ಟು, ಬಯಲಿನಲ್ಲಿ ಬ್ಲೋ ಟಾರ್ಚ್ ಹಿಡಿದೆ. ಸಣ್ಣ ಜ್ವಾಲೆ ಆದ್ದರಿಂದ ಇದು ನಿಜವಾದ ಪರೀಕ್ಷೆಗೆ ಸಮ ಅಲ್ಲ. ಒಂದಕ್ಕೊಂದು ಹೋಲಿಸಿ ನೋಡಲು ಮಾತ್ರ ಸಾಕು. ನೀವೂ ಮಾಡುವುದಾದರೆ ಮುಖಕ್ಕೆ ಮಾಸ್ಕ್, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ. ಗಾಳಿ ನಿಮ್ಮ ಬೆನ್ನಿನ ಕಡೆಯಿಂದ ಬರಲಿ.

ಬಚ್ಚಲು ಮನೆಗೆ ಹಚ್ಚುವ ಮಾಮೂಲಿ ಸಿಲಿಕಾನ್ ಬೇಗ ಹೊತ್ತಿಕೊಂಡು, ಬಿಳಿ ಹೊಗೆ ಬಿಟ್ಟು, ಬಿಳಿ ಪುಡಿಯಾಯಿತು. ಸಿಲಿಕಾನ್ ಸುಟ್ಟರೆ ಉಳಿಯುವುದು ಸಿಲಿಕಾ, ಅಂದರೆ ಮರಳಿನ ವಸ್ತು. ಅದಕ್ಕೆ ಬೆಂಕಿ ಏನೂ ಮಾಡದು. ಆದರೆ ಪುಡಿಯಾಗಿ ಉಳಿದರೆ ಏನು ಪ್ರಯೋಜನ? ತಗಡಿಗೆ ಬೆರಳಿನಿಂದ ತಟ್ಟಿದೆ, ಉದುರಿ ಹೋಯಿತು. ಕೆಂಪು ಆರ್‌ಟಿವಿ ಸ್ವಲ್ಪ ಹೊತ್ತು ತಡೆದು, ಬಿರಿದು, ಚಕ್ಕೆ ಚಕ್ಕೆಯಾಗಿ ಎದ್ದಿತು. 2000 ಪ್ಲಸ್ ಹಚ್ಚಿದ ತುಂಡಿನಲ್ಲಿ ಮೇಲ್ಮೈ ಮೊದಲು ಕಪ್ಪಾಗಿ, ಆಮೇಲೆ ಬೂದಿ ಬಣ್ಣದ ಗಟ್ಟಿ ಪದರವಾಯಿತು. ಹದಿನೈದು ನಿಮಿಷ ಮುಗಿದು ತಣ್ಣಗಾದ ಮೇಲೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿದೆ. ಮೇಲೆ ಹಪ್ಪಳದಂಥ ಗಟ್ಟಿ ಪದರ, ಸಂದಿನ ಒಳಭಾಗದಲ್ಲಿ ಇನ್ನೂ ರಬ್ಬರಿನಂತೆ ಮೆತ್ತಗೆ. ತಟ್ಟಿದರೂ ಜಾಗ ಬಿಡಲಿಲ್ಲ. ಉರಿಯುತ್ತದೋ ಇಲ್ಲವೋ ಅನ್ನುವುದಕ್ಕಿಂತ, ಉರಿದ ಮೇಲೆ ಉಳಿದದ್ದು ನಡುಕದಲ್ಲೂ ನಿಲ್ಲುತ್ತದೋ ಅಂತ ನೋಡಬೇಕು. ನಾನು ಇದನ್ನು ಆರಿಸಿದ್ದು ಆ ಕಾರಣಕ್ಕೆ.

ಅದೇ ಪ್ರಯೋಗದಲ್ಲಿ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು, ನನ್ನ ಮಟ್ಟಿಗೆ ಇದು ಸೀಲೆಂಟಿಗಿಂತ ದೊಡ್ಡದು. ಜ್ವಾಲೆ ತಗಡನ್ನು ದಾಟಲಿಲ್ಲ ನಿಜ, ಆದರೆ ತಗಡು ಕೆಂಪಗೆ ಕಾದಿತ್ತು. ಹಿಂಬದಿಗೆ ಹಚ್ಚಿದ್ದ ಸೀಲೆಂಟಿನಿಂದಲೂ ಹೊಗೆ ಬಂತು. ಹಿಂಬದಿಯಲ್ಲಿ ಅಂಟಿನ ಫೋಮ್ ಇದ್ದಿದ್ದರೆ ಅದು ಅಲ್ಲೇ ಹೊತ್ತಿಕೊಳ್ಳುತ್ತಿತ್ತು. ಅದಕ್ಕೇ ನಾನು ಸೀಲೆಂಟನ್ನು ತಗಡುಗಳು ಕೂಡುವ ಜಾಗದೊಳಗೆ ಮತ್ತು ಎಂಜಿನ್ ಕಡೆಗೆ ಮಾತ್ರ ಹಚ್ಚಿದ್ದು. ಕಾಕ್‌ಪಿಟ್ ಕಡೆಗೆ ಬಂದ ಹೆಚ್ಚುವರಿಯನ್ನು ಹಸಿ ಇರುವಾಗಲೇ ಒರೆಸಿ ತೆಗೆದೆ. ಶಬ್ದ ಕಡಿಮೆಯಾಗಲಿ ಅಂತ ಕಾಕ್‌ಪಿಟ್ ಕಡೆ ಫೋಮ್ ಅಂಟಿಸಿದವರು ದಯವಿಟ್ಟು ಅದರ ಒಂದು ತುಂಡು ಕಿತ್ತು, ಹೊರಗೆ ತಂದು ಸುಟ್ಟು ನೋಡಿ.

ಹಚ್ಚುವ ಕೆಲಸದಲ್ಲಿ ಮುಕ್ಕಾಲು ಪಾಲು ಒರೆಸುವುದೇ. ಸ್ಟೇನ್‌ಲೆಸ್ ನುಣುಪು, ಕಾರ್ಖಾನೆಯ ಎಣ್ಣೆ ಪಸೆ ಇರುತ್ತದೆ. ಒರಟು ಪ್ಯಾಡಿನಿಂದ ಉಜ್ಜಿ, ಅಸಿಟೋನ್ ಹಾಕಿ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವ ತನಕ ಬಟ್ಟೆ ಬದಲಿಸುತ್ತಿರಬೇಕು. ಸಂದಿನ ಎರಡೂ ಬದಿಗೆ ಟೇಪ್ ಅಂಟಿಸಿ, ಸೀಲೆಂಟನ್ನು ಒಳಗೆ ತಳ್ಳುವಂತೆ ಒತ್ತಿ, ಬೆರಳಿನಿಂದ ಒಮ್ಮೆ ಸವರಿ, ತಕ್ಷಣ ಟೇಪ್ ಎಳೆಯಿರಿ. ಗಾಳಿಯ ತೇವದಿಂದ ಗಟ್ಟಿಯಾಗುವ ಸಿಲಿಕಾನ್ ದಿನಕ್ಕೆ ಎರಡು ಮೂರು ಮಿಲಿಮೀಟರ್ ಆಳದಷ್ಟೇ ಗಟ್ಟಿಯಾಗುತ್ತದೆ. ದಪ್ಪ ಮುದ್ದೆ ಹಾಕಿದರೆ ಒಳಗೆ ದಿನಗಟ್ಟಲೆ ಹಸಿಯಾಗೇ ಇರುತ್ತದೆ. ಯಾವ ಬ್ರ್ಯಾಂಡೇ ಆಗಲಿ, ವಿನಿಗರ್ ವಾಸನೆ ಬರುವ ಸಿಲಿಕಾನ್ ಮಾತ್ರ ಬೇಡ. ಅದರ ಅಸಿಟಿಕ್ ಆಮ್ಲ ಉಕ್ಕನ್ನೂ ತಾಮ್ರದ ವೈರಿನ ತುದಿಯನ್ನೂ ತಿನ್ನುತ್ತದೆ.

ಇನ್ನು ತೂತುಗಳು. ವೈರು ಹೋಗುವ ಕಡೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸುವ ಬಳೆ) ಹಾಕಿ ಸುತ್ತ ಸೀಲೆಂಟ್ ಮೆತ್ತಿದವರನ್ನು ನೋಡಿದ್ದೇನೆ. ಬೆಂಕಿ ಬಂದಾಗ ರಬ್ಬರ್ ಹೋಗುತ್ತದೆ, ಮೆತ್ತಿದ್ದಕ್ಕೆ ಆಸರೆ ಇರುವುದಿಲ್ಲ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಅಲ್ಯೂಮಿನಿಯಂ ಫಿಟ್ಟಿಂಗು, ಅಲ್ಯೂಮಿನಿಯಂ ರಿವೆಟ್ಟು ಉದುರಿದರೆ ಅಲ್ಲೊಂದು ಹೊಸ ತೂತು. ನಾನು ಮಾಡಿದ್ದು ಹೀಗೆ: ಅಂಚು ಮಡಚಿದ ಸ್ಟೇನ್‌ಲೆಸ್ ಕೊಳವೆಯನ್ನು ಉಕ್ಕಿನ ಬೋಲ್ಟಿನಿಂದ ಫೈರ್‌ವಾಲ್‌ಗೆ ಬಿಗಿದೆ. ವೈರುಗಳನ್ನು ಅದರೊಳಗೆ ತೂರಿಸಿ, ಕೊಳವೆಯ ಮೇಲೂ ಹೊರಬಂದ ವೈರಿನ ಮೇಲೂ ಸೇರುವಂತೆ ಫೈರ್‌ಸ್ಲೀವ್, ಅಂದರೆ ಬೆಂಕಿ ತಡೆಯುವ ತೋಳಿನಂಥ ಹೊದಿಕೆ, ಎಳೆದೆ. ಎರಡೂ ತುದಿಗೆ ಉಕ್ಕಿನ ಕ್ಲ್ಯಾಂಪ್ ಹಾಕಿದೆ. ಸೀಲೆಂಟ್ ಹೋದದ್ದು ಸ್ಲೀವಿನ ಬಾಯಿಗೆ, ವೈರುಗಳ ನಡುವಿನ ಸಂದಿಗೆ ಮಾತ್ರ. ಥ್ರಾಟಲ್ ಕೇಬಲ್‌ಗೆ ಉಕ್ಕಿನ ಗುಂಡು ತಿರುಗುವ ಗ್ರೊಮೆಟ್ ಸಿಗುತ್ತದೆ, ಅದನ್ನೇ ಹಾಕಿ.

ಈಗ ಇಷ್ಟು ವರ್ಷದ ಮೇಲೆ ಹೇಗಿದೆ? ಬಣ್ಣ ಮಾಸಿದೆ, ಧೂಳು ಕಚ್ಚಿದೆ. ಉಗುರಿನಿಂದ ಒತ್ತಿದರೆ ಈಗಲೂ ಒಳಗೆ ಹೋಗಿ ಮರಳಿ ಬರುತ್ತದೆ. ಅಂಚುಗಳಲ್ಲಿ ಎದ್ದಿಲ್ಲ. ತಪಾಸಣೆಯಲ್ಲಿ ನಾನು ಮಾಡುವುದು ಇಷ್ಟೇ: ಕತ್ತಲು ಮಾಡಿ, ಎಂಜಿನ್ ಕಡೆ ಪ್ರಬಲ ಲೈಟ್ ಇಟ್ಟು, ಪೆಡಲ್ ಹತ್ತಿರ ತಲೆ ಹಾಕಿ ಬೆಳಕಿನ ಚುಕ್ಕೆ ಹುಡುಕುವುದು. ಬೆಂಕಿ ಯಾವತ್ತೂ ಬಾರದೆ ಇರಬಹುದು, ಆದರೆ ಎಂಜಿನ್ ಹೊಗೆಯ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಪ್ರತಿ ಹಾರಾಟದಲ್ಲೂ ಆ ತಗಡಿನ ಆಚೆಗೇ ಇರುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಅಂಟಿಕೊಳ್ಳುತ್ತದೆ. ಈ ಸೀಲೆಂಟಿನ ದಿನನಿತ್ಯದ ಕೆಲಸ ಅದನ್ನು ತಡೆಯುವುದು. ಕಾಕ್‌ಪಿಟ್‌ನಲ್ಲಿ ಡಿಟೆಕ್ಟರ್ ಇಟ್ಟಿದ್ದೇನೆ, ಸೀಲೆಂಟ್ ಎಷ್ಟೇ ಚೆನ್ನಾಗಿದ್ದರೂ ಅದು ಇರಲೇಬೇಕು.

ಒಪ್ಪದ ಗುಣವೂ ಇದೆ. ಮಾಮೂಲಿ ಸಿಲಿಕಾನ್ ಯಾವುದೇ ಆದರೂ ಪೆಟ್ರೋಲ್ ಕುಡಿದು ಊದುತ್ತದೆ. ಇಂಧನ ಪಂಪಿನ ಕೆಳಗೆ, ಫಿಲ್ಟರ್ ಬಿಚ್ಚಿದಾಗ ತೊಟ್ಟಿಕ್ಕುವ ಜಾಗದಲ್ಲಿ ಇದನ್ನು ನೆಚ್ಚಬೇಡಿ. ಅಲ್ಲಿಗೆ ಇಂಧನ ತಡೆಯುವ, ಫೈರ್‌ವಾಲ್‌ಗೆಂದೇ ಮಾಡಿದ ಎರಡು ಭಾಗದ ಸೀಲೆಂಟೇ ಸರಿ. ಅದರ ವಿವರಪತ್ರದಲ್ಲಿ ಇಂಧನದ ಮಾತೂ ಬೆಂಕಿಯ ಮಾತೂ ಎರಡೂ ಇವೆಯೇ ನೋಡಿಕೊಳ್ಳಿ. ಸಿಲಿಕಾನ್ ಮೇಲೆ ಬಣ್ಣವೂ ನಿಲ್ಲುವುದಿಲ್ಲ, ಹತ್ತಿರದ ಬಣ್ಣವನ್ನೂ ಕೆಡಿಸುತ್ತದೆ. ಬಣ್ಣದ ಕೆಲಸ ಮುಗಿಸಿ ಆಮೇಲೆ ಸೀಲೆಂಟ್ ಹಿಡಿಯಿರಿ.

ಹೊಸ ವೈರು ಎಳೆಯಬೇಕಾದಾಗ ಹಳೆಯದನ್ನು ಪ್ಲಾಸ್ಟಿಕ್ ಚೂರಿಯಿಂದ ಎತ್ತಿ ತೆಗೆಯಬಹುದು, ಕಷ್ಟವಿಲ್ಲ. ಹಳೆ ಸಿಲಿಕಾನ್ ಮೇಲೆ ಹೊಸದು ಹಿಡಿಯಬೇಕಾದರೆ ಹಳೆಯದರ ಮೇಲೆ ಎಣ್ಣೆ ಪಸೆ ಒಂದಿಷ್ಟೂ ಇರಬಾರದು. ಎಂಜಿನ್ ಪಕ್ಕದ ಜಾಗದಲ್ಲಿ ಅದು ಸಿಗುವುದು ಅಪರೂಪ, ಹಾಗಾಗಿ ನಾನು ಆ ಭಾಗವನ್ನು ತಗಡಿನ ತನಕ ಕೆರೆದು ಹೊಸದಾಗಿ ಹಚ್ಚುತ್ತೇನೆ. ಒಮ್ಮೆ ತೆರೆದ ಟ್ಯೂಬ್ ಬಾಯಿ ಮುಚ್ಚಿಟ್ಟರೂ ನಾಜಲ್‌ನಲ್ಲಿ ಗಟ್ಟಿಯಾಗುತ್ತದೆ. ಕೊಳ್ಳುವಾಗ ಟ್ಯೂಬಿನ ಮೇಲಿನ ಅವಧಿಯ ದಿನಾಂಕ ನೋಡಿ, ಬೇಕಾದಷ್ಟೇ ತನ್ನಿ.