ಫೋನಿನಲ್ಲಿ ಲೈವ್ ಕಾಣುತ್ತಿದೆ ಅಂತ ನೆಮ್ಮದಿಯಾಗಿರಬೇಡಿ: ನಮ್ಮ ಗೋದಾಮಿನ ಕ್ಯಾಮೆರಾ ಪುರಾಣ

ಅಂಗಡಿ, ಗೋದಾಮು, ಹೋಂಸ್ಟೇ ಅಂತ ಏನಾದರೂ ನಡೆಸುತ್ತಿರುವವರು, ಸೀಸನ್ ಶುರುವಾಗುವ ಮೊದಲು ಸಿಸಿ ಕ್ಯಾಮೆರಾ ಹಾಕಿಸೋಣ ಅಂದುಕೊಂಡವರು ಇದನ್ನೊಮ್ಮೆ ಓದಿ. ಕ್ಯಾಮೆರಾ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಕಿದವನು ನಿಮ್ಮ ಕೈಗೆ ಏನು ಕೊಟ್ಟ, ತನ್ನ ಹತ್ತಿರ ಏನು ಉಳಿಸಿಕೊಂಡ ಅನ್ನೋದನ್ನು ದುಡ್ಡು ಕೊಡುವ ಮೊದಲೇ ನೋಡಿ.

ನಮ್ಮದು ಆಲ್ದೂರು ಕಡೆ ಕಾಫಿ, ಕಾಳುಮೆಣಸು ಖರೀದಿ. ನಾನು, ನನ್ನ ತಮ್ಮ ಇಬ್ಬರೇ ನೋಡಿಕೊಳ್ಳುತ್ತೇವೆ. ಜನವರಿ ಕಳೆದ ಮೇಲೆ ರೊಬಸ್ಟಾ ಚೆರ್ರಿ ಒಂದು ಕಡೆ, ಮೆಣಸು ಇನ್ನೊಂದು ಕಡೆ, ಗೋದಾಮಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೆಣಸಿನ ರೇಟು ಗೊತ್ತಲ್ವಾ, ಒಂದು ಮೂಟೆ ಹೊತ್ತುಕೊಂಡು ಹೋದರೂ ಸಾಕು. ಅದಕ್ಕೇ ಒಬ್ಬ ಇನ್‌ಸ್ಟಾಲರ್‌ನ ಕರೆಸಿ ಒಳಗೆ ನಾಲ್ಕು ಕ್ಯಾಮೆರಾ, ಗೇಟಿಗೆ ಒಂದು ವೈಫೈ ಕ್ಯಾಮೆರಾ ಹಾಕಿಸಿದೆವು. "ಎಲ್ಲಾ ಎಐ ಕ್ಯಾಮೆರಾ ಅಣ್ಣ. ಮನುಷ್ಯ ಬಂದ್ರೆ ಮಾತ್ರ ಫೋನ್ ಹೊಡ್ಕೊಳ್ಳುತ್ತೆ, ನಾಯಿ ಬೆಕ್ಕಿಗೆಲ್ಲ ಹೊಡ್ಕೊಳ್ಳಲ್ಲ. ಒಂದು ತಿಂಗಳ ಬ್ಯಾಕಪ್ ಇರುತ್ತೆ" ಅಂದ.

ಮೊದಲು ಒಳ್ಳೆಯದನ್ನೇ ಹೇಳಿಬಿಡುತ್ತೇನೆ. ತೂಕದ ಯಂತ್ರದ ಮೇಲಿಟ್ಟ ಕ್ಯಾಮೆರಾ ನಮಗೆ ನಿಜವಾಗಿ ಉಪಕಾರ ಮಾಡಿತು. ಒಬ್ಬ ಬೆಳೆಗಾರರು ತೂಕದಲ್ಲಿ ಮೋಸ ಆಗಿದೆ ಅಂತ ಮಾರನೇ ದಿನ ಜಗಳಕ್ಕೆ ಬಂದಾಗ, ಕೂರಿಸಿ ವಿಡಿಯೋ ತೋರಿಸಿದೆವು. ಪ್ರತಿ ಮೂಟೆಗೂ ಯಂತ್ರದ ಅಂಕಿ ಕಾಣುತ್ತಿತ್ತು. ಕಾಫಿ ಕುಡಿದು ನಗುತ್ತಾ ಹೋದರು. ಲೋಡಿಂಗ್ ದಿನ ಲಾರಿಗೆ ಎಷ್ಟು ಮೂಟೆ ಏರಿತು ಅಂತ ಬೇರೆ ಊರಿನಲ್ಲಿ ಕೂತೇ ಎಣಿಸಬಹುದಿತ್ತು.

ಆದರೆ ಗೋದಾಮಿಗೆ ಕನ್ನ ಬಿತ್ತು. ಮೆಣಸಿನ ಲಾಟ್ ಕಳಿಸುವಾಗ ಎಣಿಸಿದರೆ ಮೂಟೆ ಕಡಿಮೆ. ಹಿಂದಿನ ಸಲ ಎಣಿಸಿ ವಾರದ ಮೇಲಾಗಿತ್ತು, ನಡುವೆ ಯಾವ ರಾತ್ರಿ ಹೋಗಿದೆಯೋ ಗೊತ್ತಿಲ್ಲ. ತಿಂಗಳ ಬ್ಯಾಕಪ್ ಇದೆಯಲ್ಲ ಅಂತ ರೆಕಾರ್ಡರ್ ತೆರೆದರೆ, ಐದು ದಿನದ ಹಿಂದಿನದ್ದು ಒಂದೂ ಇಲ್ಲ.

ಕಾರಣ ಬರೀ ಲೆಕ್ಕ. 4 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಸೆಕೆಂಡಿಗೆ 4 ಮೆಗಾಬಿಟ್‌ನಂತೆ ಹಗಲು ರಾತ್ರಿ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 43 ಜಿಬಿ ಬೇಕು. ನಾಲ್ಕು ಕ್ಯಾಮೆರಾಕ್ಕೆ 172 ಜಿಬಿ. ಅವನು ಹಾಕಿದ್ದು 1 ಟಿಬಿ, ಅಂದರೆ ಸಾವಿರ ಜಿಬಿ ಹಾರ್ಡ್ ಡಿಸ್ಕ್. ಆರು ದಿನ ತುಂಬುವುದರೊಳಗೆ ಅದು ಹಳೆಯದನ್ನು ಅಳಿಸಿ ಅದರ ಮೇಲೇ ಬರೆಯುತ್ತದೆ. ತಿಂಗಳು ಉಳಿಯಬೇಕಾದರೆ 5 ಟಿಬಿಗಿಂತ ಜಾಸ್ತಿ ಬೇಕು. ವಿಡಿಯೋವನ್ನು ಇನ್ನಷ್ಟು ಕುಗ್ಗಿಸಿ ಉಳಿಸುವ ಎಚ್.265 ಅನ್ನುವ ಸೆಟ್ಟಿಂಗ್ ಹಾಕಿದರೆ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಸಬಹುದು, ಆದರೂ 1 ಟಿಬಿಯಲ್ಲಿ ತಿಂಗಳು ಆಗದ ಮಾತು. ಇದು ಅವನಿಗೆ ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಲೈವ್ ಮಾತ್ರ ಪ್ರತಿದಿನ ಕನ್ನಡಿ ಹಾಗೆ ಕಾಣುತ್ತಿತ್ತು. ಲೈವ್ ಬರುವುದಕ್ಕೂ ರೆಕಾರ್ಡ್ ಉಳಿಯುವುದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ಕಳ್ಳ ಬಂದಾಗ ಅಲಾರಂ ಯಾಕೆ ಬರಲಿಲ್ಲ? ಶುರುವಿನಲ್ಲಿ ಬರುತ್ತಿತ್ತು, ಬಂದದ್ದೇ ತಲೆನೋವು. ರಾತ್ರಿಯೆಲ್ಲ ಫೋನ್ ಟಿಂಗ್ ಟಿಂಗ್. ತೆಗೆದು ನೋಡಿದರೆ ಪತಂಗ, ಇಲ್ಲವೇ ಲೆನ್ಸ್ ಮುಂದೆ ಅಲ್ಲಾಡುವ ಜೇಡರ ಬಲೆ. ಕತ್ತಲಲ್ಲಿ ನೋಡಲು ಕ್ಯಾಮೆರಾ ಬಿಡುವ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿಗೆ ಹತ್ತಿರ ಹಾರುವ ಹುಳ ಹೊಳೆಯುತ್ತದೆ, ಹುಳಕ್ಕೆ ಜೇಡ ಬರುತ್ತದೆ. ಮಂಜು ಬಿದ್ದ ರಾತ್ರಿ ಅದೇ ಬೆಳಕು ಮಂಜಿಗೆ ಹೊಡೆದು ವಾಪಸ್ ಬಂದು ಪರದೆಯೆಲ್ಲ ಬಿಳಿ. ಅವನಿಗೆ ಫೋನ್ ಮಾಡಿದರೆ "ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ ಅಣ್ಣ, ರೆಕಾರ್ಡ್ ಆಗ್ತಾ ಇರುತ್ತಲ್ಲ" ಅಂದ. ನಾವೂ ಹಾಗೇ ಮಾಡಿದೆವು. ಆಮೇಲೆ ಬೇರೆ ಟೆಕ್ನಿಷಿಯನ್ ಬಂದು ನೋಡಿದಾಗ ಗೊತ್ತಾಯಿತು, ಮನುಷ್ಯನನ್ನು ಗುರುತಿಸುವ ಸೌಲಭ್ಯವನ್ನು ಆನ್ ಮಾಡಿಯೇ ಇರಲಿಲ್ಲ. ಏನು ಅಲ್ಲಾಡಿದರೂ ಕೂಗುವ ಹಳೇ ಮೋಷನ್ ಅಲಾರಂ ಅದು. ಎಐಗೆ ದುಡ್ಡು ಕೊಟ್ಟು ಜೇಡನ ಫೋಟೋ ನೋಡಿದ್ದಾಯಿತು!

ಉಳಿದಿದ್ದು ಗೇಟಿನ ಕ್ಯಾಮೆರಾ. ಅದರೊಳಗಿನ ಮೆಮೊರಿ ಕಾರ್ಡಿನಲ್ಲಿ ಏನಾದರೂ ಅಲ್ಲಾಡಿದಾಗ ಮಾತ್ರ ರೆಕಾರ್ಡ್ ಆಗುತ್ತಿದ್ದರಿಂದ ಹಳೆಯದು ಉಳಿದಿತ್ತು. ಒಂದು ಪಿಕಪ್ ಬಂದು ನಿಂತದ್ದು ಸಿಕ್ಕಿತು. ಇನ್‌ಫ್ರಾರೆಡ್ ಬೆಳಕಿಗೆ ನಂಬರ್ ಪ್ಲೇಟ್ ಬರೀ ಬಿಳಿ ಪಟ್ಟಿ. ಸಮಯ ರಾತ್ರಿ 1:50 ಅಂತ ತೋರಿಸುತ್ತಿತ್ತು. ಆ ಹೊತ್ತಿಗೆ ಆ ರಸ್ತೆಯಲ್ಲಿ ಯಾರು ಓಡಾಡಿದರು ಅಂತ ಊರೆಲ್ಲ ಕೇಳಿದೆವು, ಸುಮ್ನೆ. ಕ್ಯಾಮೆರಾದ ಗಡಿಯಾರ ಚೀನಾದ ಸಮಯದಲ್ಲೇ ಇತ್ತು! ಅದು ನಮಗಿಂತ ಎರಡೂವರೆ ಗಂಟೆ ಮುಂದೆ. ನಿಜವಾದ ಸಮಯ 11:20. ಪೊಲೀಸರಿಗೆ ಮೊದಲು ಹೇಳಿದ್ದನ್ನು ತಿದ್ದಿ ಹೇಳಬೇಕಾಯಿತು.

ಪೊಲೀಸರ ವಿಷಯ ಬಂತಲ್ಲ, ಒಂದು ಮಾತು. ಪರದೆಯನ್ನು ಇನ್ನೊಂದು ಫೋನಿನಲ್ಲಿ ಶೂಟ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದರೆ ಮುಗಿಯಲಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ವಿಡಿಯೋ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯೂ (ಫೈಲನ್ನು ಆಮೇಲೆ ತಿದ್ದಿಲ್ಲ ಅಂತ ತೋರಿಸುವ ಗುರುತು) ಇರಬೇಕು. ಕಳವು ಗೊತ್ತಾದ ಕೂಡಲೇ ರೆಕಾರ್ಡರ್ ಆಫ್ ಮಾಡಿ ಹಾಗೇ ಇಡಿ. ಓಡುತ್ತಾ ಬಿಟ್ಟರೆ ಇರುವುದನ್ನೂ ಅಳಿಸುತ್ತಾ ಹೋಗುತ್ತದೆ.

ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಬೇರೆ ವಿಷಯಕ್ಕೆ. ಸೆಟ್ಟಿಂಗ್ ಸರಿಮಾಡೋಣ ಅಂದರೆ ಆಗಲಿಲ್ಲ. ಕ್ಯಾಮೆರಾದ ಮೇಲಿನ ಕ್ಯೂಆರ್ ಕೋಡನ್ನು ಅವನು ತನ್ನ ಅಕೌಂಟಿನಲ್ಲಿ ಸ್ಕ್ಯಾನ್ ಮಾಡಿ, ನಮಗೆ ನೋಡಲು ಮಾತ್ರ ಶೇರ್ ಮಾಡಿದ್ದ. ದುಡ್ಡು ನಮ್ಮದು, ಯಜಮಾನ ಅವನು. ಕಳವಿನ ಸುದ್ದಿ ಕೇಳಿದ ಮೇಲೆ ಫೋನ್ ಎತ್ತುವುದನ್ನೂ ಬಿಟ್ಟ. ಕಂಪನಿಗೆ ಕೇಳಿದರೆ ಸೀರಿಯಲ್ ನಂಬರ್ ಇರುವ ಬಿಲ್ ಕಳಿಸಿ ಅಂದರು. ನಮ್ಮ ಹತ್ತಿರ ಇದ್ದದ್ದು "ಸಿಸಿಟಿವಿ ಸೆಟ್" ಅಂತ ಕೈಯಲ್ಲಿ ಬರೆದ ಚೀಟಿ.

ಡೆಮೊ ತೋರಿಸುವಾಗ ಅವನು ತನ್ನ ಫೋನಿನಲ್ಲಿ ಒಂದು ಬಟ್ಟೆ ಅಂಗಡಿ, ಒಂದು ಹೋಂಸ್ಟೇಯ ವರಾಂಡ ಲೈವ್ ಆಗಿ ತೋರಿಸಿದ್ದ. ನಮ್ಮ ಕ್ಯಾಶ್ ಕೌಂಟರ್ ಯಾರಿಗೆಲ್ಲ ತೋರಿಸುತ್ತಿದ್ದನೋ. ಪಾಸ್‌ವರ್ಡ್ ಕೂಡ ಎಲ್ಲ ಕಡೆಗೂ ಒಂದೇ ಅಂತ ಆಮೇಲೆ ಗೊತ್ತಾಯಿತು. ಇದು ಬರೀ ನಮ್ಮೂರಿನ ರೋಗವಲ್ಲ. 2016ರಲ್ಲಿ ಮಿರಾಯ್ ಅನ್ನುವ ವೈರಸ್, ಕಂಪನಿಯಿಂದ ಬಂದ ಪಾಸ್‌ವರ್ಡನ್ನೇ ಬದಲಿಸದ ಇಂಥ ಕ್ಯಾಮೆರಾ, ರೆಕಾರ್ಡರ್‌ಗಳನ್ನು ಹಿಡಿದುಕೊಂಡು ಜಗತ್ತಿನ ದೊಡ್ಡ ದೊಡ್ಡ ವೆಬ್‌ಸೈಟ್‌ಗಳನ್ನೇ ಮಲಗಿಸಿತ್ತು. ನಮ್ಮ ದೇಶದಲ್ಲೂ 2025ರ ಏಪ್ರಿಲ್‌ನಿಂದ ಹೊಸ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯ ಪ್ರಮಾಣಪತ್ರ ಕಡ್ಡಾಯವಾಗಿದೆ. ಕೊಳ್ಳುವಾಗ ಅದನ್ನು ಕೇಳಿ. ಆದರೆ ಎಂಥ ಪ್ರಮಾಣಪತ್ರ ಇದ್ದರೂ ಅಕೌಂಟ್ ಬೇರೆಯವನ ಹೆಸರಲ್ಲಿದ್ದರೆ ಏನು ಬಂತು?

ಈಗ ಬೇರೆಯವರ ಕೈಲಿ ಮತ್ತೆ ಹಾಕಿಸಿದ್ದೇವೆ. ಕ್ಯೂಆರ್ ಕೋಡ್ ನಮ್ಮ ಫೋನಿನಿಂದಲೇ ಸ್ಕ್ಯಾನ್ ಮಾಡಿಸಿದೆವು, ಪಾಸ್‌ವರ್ಡ್ ಟೈಪ್ ಮಾಡುವಾಗ ಅವರನ್ನು ಹೊರಗೆ ಕಳಿಸಿದೆವು. ಬಿಲ್ಲಿನಲ್ಲಿ ಪ್ರತಿ ಕ್ಯಾಮೆರಾದ ಸೀರಿಯಲ್ ನಂಬರ್ ಇದೆ. ಗೋದಾಮಿನ ಬಾಗಿಲಿಗೆ ಅಡ್ಡವಾಗಿ ಪರದೆಯ ಮೇಲೆ ಒಂದು ಗೆರೆ ಎಳೆದಿದ್ದಾರೆ. ರಾತ್ರಿ ಮನುಷ್ಯ ಆ ಗೆರೆ ದಾಟಿದರೆ ಮಾತ್ರ ಫೋನ್ ಕೂಗುತ್ತದೆ, ಹುಳಕ್ಕೆ ಕೂಗುವುದಿಲ್ಲ. ಇನ್‌ಫ್ರಾರೆಡ್ ದೀಪವನ್ನು ಕ್ಯಾಮೆರಾದಿಂದ ದೂರ, ಪಕ್ಕಕ್ಕೆ ಹಾಕಿದ್ದರಿಂದ ಮಂಜಿನ ಕಾಟವೂ ಕಮ್ಮಿ. ಕ್ಯಾಶ್ ಡ್ರಾ ಪಕ್ಕದಲ್ಲಿದ್ದ ರೆಕಾರ್ಡರ್ ಅಟ್ಟದ ಕೋಣೆಗೆ ಹೋಗಿ ಬೀಗ ಬಿದ್ದಿದೆ. ಕಳ್ಳ ಬುದ್ಧಿವಂತನಾದರೆ ಮೊದಲು ಎತ್ತುವುದು ಅದನ್ನೇ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ಹೇಳಬೇಕಾ, ಅದಕ್ಕೆ ರೆಕಾರ್ಡರ್ ಜೊತೆ ಇಂಟರ್‌ನೆಟ್ ರೂಟರನ್ನೂ ಯುಪಿಎಸ್‌ಗೆ ಹಾಕಿಸಿದ್ದೇವೆ. ರೂಟರ್ ಸತ್ತರೆ ಕ್ಯಾಮೆರಾ ಎಷ್ಟು ಕೂಗಿದರೂ ಫೋನಿಗೆ ಬರುವುದಿಲ್ಲ.

ಪ್ರತಿ ಸೋಮವಾರ ತಮ್ಮ ಇಪ್ಪತ್ತೈದು ದಿನದ ಹಿಂದಿನ ಒಂದು ರಾತ್ರಿಯ ರೆಕಾರ್ಡ್ ತೆಗೆದು, ಸಮಯ ಸರಿ ಇದೆಯಾ ಅಂತ ನೋಡಿ, ಪೊರಕೆ ತಗೊಂಡು ಬಲೆ ತೆಗೆಯುತ್ತಾನೆ. ನಿಮ್ಮಲ್ಲಿ ಈಗಾಗಲೇ ಕ್ಯಾಮೆರಾ ಇದ್ದರೆ ಇವತ್ತೇ ಆ್ಯಪ್ ತೆರೆದು ಡಿವೈಸ್ ಪಕ್ಕದಲ್ಲಿ ಶೇರ್ಡ್ ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ, ಹಾಕಿದವನು ಫೋನ್ ಎತ್ತುತ್ತಿರುವಾಗಲೇ ಕರೆಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.