ಗಿರಾಕಿ ಹುಡುಕಿಕೊಡುವ ಎಐಗೆ ಹಣ ಕಟ್ಟುವ ಮುನ್ನ ಓದಿ: ತೀರಿಕೊಂಡವರಿಗೂ ನನ್ನ ಹೆಸರಿನಲ್ಲಿ ಸಂದೇಶ ಹೋಗಿದೆ

ಮಂಗಳೂರು, ಉಡುಪಿ ಕಡೆ ಸಣ್ಣ ವ್ಯಾಪಾರ ಮಾಡುವವರು ದಯವಿಟ್ಟು ಪೂರ್ತಿ ಓದಿ. ನಿಮಗೆ ಬೇಕಾದ ಗಿರಾಕಿಗಳನ್ನು ಎಐ ಹುಡುಕಿಕೊಡುತ್ತದೆ ಎಂದು ಫೋನ್ ಮಾಡುವವರಿಗೆ ವರ್ಷದ ಹಣ ಮುಂಗಡ ಕಟ್ಟಬೇಡಿ. ಕಟ್ಟಲೇಬೇಡಿ. ನನ್ನ ಹಣ ಹೋಯಿತು, ಅದರ ಮೇಲೆ ಶೇ. 18 ಜಿಎಸ್‌ಟಿಯನ್ನೂ ಕೊಟ್ಟೆ, ಅದು ಹಾಗಿರಲಿ. ಇಷ್ಟು ವರ್ಷ ಸಂಪಾದಿಸಿದ ಹೆಸರಿಗೆ ಮಸಿ ಬಳಿದಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಬೈಕಂಪಾಡಿಯಲ್ಲಿ ನನ್ನದು ಪ್ಯಾಕಿಂಗ್ ಯಂತ್ರಗಳ ಮಾರಾಟ ಮತ್ತು ರಿಪೇರಿ. ಗಿರಾಕಿಗಳಲ್ಲಿ ಹೆಚ್ಚಿನವರು ಕಾರ್ಕಳ, ಹೆಬ್ರಿ, ಕುಂದಾಪುರ ಕಡೆಯ ಗೇರುಬೀಜ ಕಾರ್ಖಾನೆಯವರು. ನಮ್ಮ ಹುಡುಗ ಬೈಕಿನಲ್ಲಿ ಕಾರ್ಖಾನೆಯಿಂದ ಕಾರ್ಖಾನೆಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದು ತರುತ್ತಾನೆ: ಯಾರ ಬಳಿ ಯಾವ ಯಂತ್ರ ಇದೆ, ಯಾರು ಇನ್ನೂ ತಿರುಳನ್ನು ತಗಡಿನ ಡಬ್ಬದಲ್ಲೇ ತುಂಬುತ್ತಿದ್ದಾರೆ, ಖರೀದಿಯ ಮಾತು ಧಣಿಯ ಹತ್ತಿರವೋ, ಮಗನ ಹತ್ತಿರವೋ, ಲೆಕ್ಕ ಬರೆಯುವ ರೈಟರ ಹತ್ತಿರವೋ. ನಿಧಾನದ ಕೆಲಸ. ಆ ಕಂಪನಿಯವರು ಹಿಡಿದದ್ದೇ ಇದನ್ನು. ‘ಸರ್, ಈ ಕಾಲದಲ್ಲೂ ನೋಟ್‌ಬುಕ್ಕೇ? ನಿಮ್ಮ ಹುಡುಗ ಒಂದು ತಿಂಗಳು ಸುತ್ತುವುದನ್ನು ನಮ್ಮ ಎಐ ಒಂದು ರಾತ್ರಿಯಲ್ಲಿ ಮಾಡುತ್ತದೆ.’

ಪರದೆಯ ಮೇಲೆ ಪಟ್ಟಿ ತೋರಿಸಿದರು. ಪ್ರತಿ ಹೆಸರಿನ ಪಕ್ಕ ನೂರಕ್ಕೆ ಇಷ್ಟು ಎಂದು ಅಂಕ, ಹಸಿರು ಬಣ್ಣದಲ್ಲಿ ‘ಖರೀದಿಗೆ ಸಿದ್ಧ’ ಎಂಬ ಗುರುತು. ಎಲ್ಲವೂ ಪುಣೆ, ರಾಜ್‌ಕೋಟ್ ಕಡೆಯ ಹೆಸರುಗಳು. ಕೈಚಳಕ ಇದ್ದದ್ದು ಅಲ್ಲೇ. ನನಗೆ ಪರಿಚಯವಿಲ್ಲದ ಊರಿನ ಹೆಸರು ತೋರಿಸಿದರೆ ಸರಿಯೋ ತಪ್ಪೋ ನಾನು ಹೇಗೆ ಹೇಳಲಿ? ಕಾರ್ಕಳದ ಪಟ್ಟಿ ತೋರಿಸಿ ಎಂದು ಕೇಳಿದೆ. ‘ಹಣ ಕಟ್ಟಿದ ಮೇಲೆ ನಿಮ್ಮ ಜಿಲ್ಲೆ ತೆರೆದುಕೊಳ್ಳುತ್ತದೆ ಸರ್.’

ತೆರೆದುಕೊಂಡಿತು. ರಾತ್ರೋರಾತ್ರಿ ನನ್ನ ವಾಟ್ಸ್‌ಆಪ್ ನಂಬರಿನಿಂದ, ನನ್ನ ಕಂಪನಿಯ ಇಮೇಲಿನಿಂದ ಎಐ ತಾನೇ ಬರೆದು ತಾನೇ ಕಳುಹಿಸಿತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲೇ ಕಾರ್ಕಳದಿಂದ ಫೋನ್. ಹಳೆಯ ಗಿರಾಕಿಯೊಬ್ಬರ ಮಗ.

‘ಅಪ್ಪನಿಗೆ ನೀವು ಮೆಸೇಜ್ ಹಾಕಿದ್ದೀರಿ. ಕಳೆದ ವಾರ ಫೋನಿನಲ್ಲಿ ಮಾತನಾಡಿದಂತೆ ಎಂದು ಬರೆದಿದ್ದೀರಿ. ಅಪ್ಪ ತೀರಿಕೊಂಡದ್ದು ನಿಮಗೆ ಗೊತ್ತಿಲ್ಲವೇ? ಉತ್ತರಕ್ರಿಯೆಗೆ ನೀವೂ ಬಂದಿದ್ದಿರಿ. ಆ ನಂಬರ್ ಈಗ ಅಮ್ಮನ ಕೈಯಲ್ಲಿದೆ. ಅಮ್ಮ ಓದಿದ್ದಾರೆ.’

ನನಗೆ ಬಾಯಿ ಬರಲಿಲ್ಲ. ಆಡದ ಮಾತನ್ನು ಆಡಿದೆ ಎಂದು ಬರೆಯಲು ಆ ಯಂತ್ರಕ್ಕೆ ಹೇಳಿಕೊಟ್ಟವರು ಯಾರು? ಪಟ್ಟಿ ತೆರೆದು ನೋಡಿದೆ. ಆ ಹಿರಿಯರಿಗೆ 94 ಅಂಕ! ಕೆಳಗಿನ ಹೆಸರುಗಳನ್ನು ನೋಡುತ್ತಾ ಹೋದಂತೆ ಎಲ್ಲೋ ಕಂಡ ಸಾಲುಗಳು ಅನ್ನಿಸಿತು. ಮೇಜಿನ ಡ್ರಾಯರಿನಲ್ಲಿ ವರ್ಷಗಳಿಂದ ಬಿದ್ದಿದ್ದ ವ್ಯಾಪಾರಿಗಳ ಹಳೆಯ ಡೈರೆಕ್ಟರಿ ತೆಗೆದೆ. ಅದೇ ಅನುಕ್ರಮ, ಅದೇ ಕಾಗುಣಿತ ತಪ್ಪುಗಳು. 08258ರಿಂದ ಶುರುವಾಗುವ ಒಂದು ಫ್ಯಾಕ್ಸ್ ನಂಬರನ್ನು ‘ಖರೀದಿ ವ್ಯವಸ್ಥಾಪಕರ ನೇರ ಸಂಖ್ಯೆ’ ಎಂದು ಹಾಕಿದ್ದರು. ಫ್ಯಾಕ್ಸ್! ಮುಚ್ಚಿಹೋದ ಕಾರ್ಖಾನೆಗಳು ಕೂಡ ಪಟ್ಟಿಯಲ್ಲಿ ‘ಖರೀದಿಗೆ ಸಿದ್ಧ’.

ಫೋನ್ ಮಾಡಿ 94 ಅಂಕ ಹೇಗೆ ಬಂತು ಎಂದು ಕೇಳಿದೆ. ‘ಇಂಟೆಂಟ್ ಸಿಗ್ನಲ್ ಸರ್.’ ಅಂದರೆ ಯಾರು ಯಾವ ವೆಬ್‌ಸೈಟ್ ನೋಡಿದರು, ಯಾವ ಕಂಪನಿ ಕೆಲಸಕ್ಕೆ ಜನ ಬೇಕೆಂದು ಜಾಹೀರಾತು ಹಾಕಿತು, ಲಿಂಕ್ಡ್‌ಇನ್‌ನಲ್ಲಿ ಯಾರ ಹುದ್ದೆ ಬದಲಾಯಿತು, ಇಂಥ ಜಾಡು ಹಿಡಿದು ಊಹಿಸುವುದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಮಾರುವವರಿಗೆ ಅದು ಉಪಯೋಗಕ್ಕೆ ಬರಬಹುದು. ನನ್ನ ಗಿರಾಕಿಗಳಲ್ಲಿ ಎಷ್ಟೋ ಮಂದಿಗೆ ವೆಬ್‌ಸೈಟೇ ಇಲ್ಲ. ಜಾಡೇ ಇಲ್ಲದ ಕಡೆ ಅಂಕ ಎಲ್ಲಿಂದ ಬರಬೇಕು?

ತೀರಿಕೊಂಡವರ ವಿಷಯ ಹೇಳಿದಾಗ ಬಂದ ಉತ್ತರವನ್ನು ಹಾಗೆಯೇ ಬರೆಯುತ್ತೇನೆ: ‘ಆ ಹೆಸರಿಗೆ ಆಸಕ್ತಿ ಇಲ್ಲ ಎಂದು ಗುರುತು ಹಾಕಿ ಸರ್, ಮಾಡೆಲ್ ಕಲಿತುಕೊಳ್ಳುತ್ತದೆ.’ ಆಸಕ್ತಿ ಇಲ್ಲ! ಒಂದು ಕ್ಷಮೆಯ ಮಾತು ಕೂಡ ಇಲ್ಲ. ಮತ್ತೆ ಜೋರು ಮಾಡಿದ್ದಕ್ಕೆ, ‘ಪ್ರೀಮಿಯಂ ಪ್ಲಾನ್ ತೆಗೆದುಕೊಂಡರೆ ನಮ್ಮ ಸಿಬ್ಬಂದಿಯೇ ಒಂದೊಂದು ನಂಬರಿಗೂ ಫೋನ್ ಮಾಡಿ ಪರಿಶೀಲಿಸಿ ಕೊಡುತ್ತಾರೆ’ ಎಂದರು. ನನ್ನ ಹುಡುಗ ನೋಟ್‌ಬುಕ್ ಹಿಡಿದು ಮಾಡುವ ಕೆಲಸವನ್ನೇ ಹಳೆಯ ಪದ್ಧತಿ ಎಂದು ಬಿಡಿಸಿ, ಅದನ್ನೇ ಹೆಚ್ಚಿನ ಬೆಲೆಗೆ ನನಗೆ ಮಾರಲು ಬಂದರು. ಹಣ ವಾಪಸ್ ಕೇಳಿದರೆ, ಕರಾರಿನಲ್ಲಿ ಇಲ್ಲ, ವ್ಯಾಪಾರಕ್ಕಾಗಿ ಪಡೆದ ಸೇವೆಗೆ ಗ್ರಾಹಕ ನ್ಯಾಯಾಲಯವೂ ಇಲ್ಲ ಎಂದರು. ವಕೀಲರನ್ನು ಕೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಾಗೆ ಇರುವುದು ನಿಜವಂತೆ. ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾತ್ರ ವಿನಾಯಿತಿ. ಅದನ್ನು ಅವರು ಮೊದಲೇ ಓದಿಕೊಂಡು ಕುಳಿತಿದ್ದಾರೆ.

ಅಷ್ಟಕ್ಕೇ ಮುಗಿಯಲಿಲ್ಲ. ಜನ ರಿಪೋರ್ಟ್ ಮಾಡಿದ್ದರಿಂದ ನನ್ನ ವಾಟ್ಸ್‌ಆಪ್ ನಿರ್ಬಂಧವಾಯಿತು, ಅದೂ ದೀಪಾವಳಿಯ ಆರ್ಡರುಗಳ ಹೊತ್ತಿನಲ್ಲಿ. ಒಪ್ಪಿಗೆ ಇಲ್ಲದವರಿಗೆ ವ್ಯಾಪಾರದ ಸಂದೇಶ ಕಳುಹಿಸಬಾರದು ಎಂಬುದು ವಾಟ್ಸ್‌ಆಪ್‌ನ ನಿಯಮ. ಆ ಕಂಪನಿಗೆ ಗೊತ್ತಿರದೆ ಇರುತ್ತದೆಯೇ? ನನ್ನ ಕೊಟೇಶನ್‌ಗಳೂ ಈಗ ಗಿರಾಕಿಗಳ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತಿವೆ. 2024ರ ಫೆಬ್ರವರಿಯಿಂದ ಜಿಮೇಲ್ ಈ ವಿಷಯದಲ್ಲಿ ಬಿಗಿಯಾಗಿದೆ, ಸ್ಪ್ಯಾಮ್ ದೂರು ಶೇ. 0.3 ಮುಟ್ಟಬಾರದು ಎನ್ನುತ್ತದೆ. ಹೋದ ಹೆಸರು ಇಮೇಲಿಗೂ ಬೇಗ ವಾಪಸ್ ಬರುವುದಿಲ್ಲ.

ಯಾರಾದರೂ ಹೀಗೆ ಫೋನ್ ಮಾಡಿದರೆ ನಿಮ್ಮದೇ ತಾಲೂಕಿನ ಹತ್ತು ಹೆಸರು ಮೊದಲು ಕೊಡಿ ಎನ್ನಿ, ಕೊಡದಿದ್ದರೆ ಫೋನ್ ಇಡಿ. ಕೊಟ್ಟರೆ ಜಿಎಸ್‌ಟಿ ಪೋರ್ಟಲಿನಲ್ಲಿ ಜಿಎಸ್‌ಟಿ ನಂಬರ್ ಹಾಕಿ ನೋಡಿ. ನೋಂದಣಿ ಜೀವಂತ ಇದೆಯೇ, ರಿಟರ್ನ್ ಸಲ್ಲಿಸುತ್ತಿದ್ದಾರೆಯೇ ಎಂದು ಲಾಗಿನ್ ಇಲ್ಲದೆಯೇ, ಬಿಟ್ಟಿಯಾಗಿ ತಿಳಿಯುತ್ತದೆ. ನಿಮ್ಮ ನಂಬರಿನಿಂದ ಸಂದೇಶ ಕಳುಹಿಸುವ ಅಧಿಕಾರವನ್ನು ಮಾತ್ರ ಯಾರಿಗೂ ಕೊಡಬೇಡಿ. ಎಐ ಬೇಕೇ ಬೇಕೆಂದರೆ ಗಿರಾಕಿಗಳು ಹಿಂದೆ ನಿಮ್ಮಲ್ಲಿ ಕೇಳಿದ್ದ ವಿಚಾರಣೆಗಳನ್ನು ಜೋಡಿಸಿಕೊಳ್ಳಲು ಬಳಸಿ, ಕಳುಹಿಸುವ ಗುಂಡಿ ನಿಮ್ಮ ಕೈಯಲ್ಲೇ ಇರಲಿ. ಕಾರ್ಡಿನಿಂದ ಪ್ರತಿ ವರ್ಷ ತಾನಾಗಿ ಹಣ ಕಡಿತವಾಗುವಂತೆ ಒಪ್ಪಿಗೆ ಕೊಟ್ಟಿದ್ದರೆ ಇವತ್ತೇ ರದ್ದು ಮಾಡಿಸಿ. ನಾನು ಮಾಡಿಸಿದ್ದೇನೆ.

ಕಾರ್ಕಳ, ಹೆಬ್ರಿ, ಕುಂದಾಪುರದ ಕಾರ್ಖಾನೆಯವರಿಗೆ ನನ್ನ ಹೆಸರಿನಲ್ಲಿ ಅಂಥ ಸಂದೇಶ ಬಂದಿದ್ದರೆ, ಅದು ನಾನು ಬರೆದದ್ದಲ್ಲ. ಯಂತ್ರ ಕೆಟ್ಟರೆ ಅಂಗಡಿಯ ಲ್ಯಾಂಡ್‌ಲೈನಿಗೇ ಕರೆ ಮಾಡಿ, ವಾಟ್ಸ್‌ಆಪ್ ಇನ್ನೂ ಸರಿಯಾಗಿಲ್ಲ.